ಲಾರಿ ಗ್ಯಾರೇಜಿನ ಹೊಗೆ ಹೊರಗೆ ಹಾಕಿದ್ದು: ನನ್ನ ಅನುಭವ

"ಷಟರ್ ಎತ್ತಿದ್ರೆ ಸಾಕಲ್ವಾ, ಇದಕ್ಕೆಲ್ಲ ಯಾಕೆ ದುಡ್ಡು ಸುರೀತೀಯಾ?" ನಮ್ಮ ಸಾಲಿನ ಗ್ಯಾರೇಜಿನವರು ಹೆಚ್ಚೂಕಮ್ಮಿ ಎರಡು ವರ್ಷ ಇದನ್ನೇ ಹೇಳಿದರು. ಈಗ ಅವರಲ್ಲೇ ಕೆಲವರು ನಾನು ಹೊಗೆ ಎಳೆಯಲು ಹಾಕಿದ ಪೈಪಿನ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೆ ಹೇಳಿ ಸಾಕಾಗಿದೆ, ಬರೆದೇಬಿಡುತ್ತೇನೆ.

ನನ್ನ ಶೆಡ್ ಇರುವುದು ದಾವಣಗೆರೆ ಹೊರಗೆ, ಹೈವೇ ಪಕ್ಕ. ಮೂರು ಲಾರಿ ನಿಲ್ಲುವ ಜಾಗ, ಲಾರಿ ಕೆಳಗೆ ಇಳಿದು ಕೆಲಸ ಮಾಡುವ ಒಂದು ಪಿಟ್ (ಗುಂಡಿ), ಮುಂದೆ ಷಟರ್, ಹಿಂದೆ ಗೋಡೆ. ಮಳೆ ಬಂದರೆ ಷಟರ್ ಅರ್ಧ ಇಳಿಯುತ್ತದೆ, ಹೊಗೆ ಒಳಗೇ ಉಳಿಯುತ್ತದೆ. ಕಣ್ಣುರಿ, ಸಂಜೆಯ ತಲೆನೋವು, ಮೂಗು ಸೀನಿದರೆ ಬರುವ ಕರಿ, ಇದೆಲ್ಲ ನಿಮಗೂ ಗೊತ್ತಿರುವುದೇ.

ನಾನು ತಲೆ ಕೆಡಿಸಿಕೊಂಡದ್ದು ಮೇಸ್ತ್ರಿ ಕೆಮ್ಮಿನಿಂದ. ಡಾಕ್ಟರು ಒಂದೇ ಪ್ರಶ್ನೆ ಕೇಳಿದರು, "ರಜೆಯಲ್ಲಿ ಕಡಿಮೆ ಆಗುತ್ತಾ?" ಯುಗಾದಿಗೆ ಒಂದು ವಾರ ಊರಿಗೆ ಹೋದಾಗ ಕೆಮ್ಮೇ ಇರಲಿಲ್ಲವಂತೆ. ಹಾಗಿದ್ದರೆ ಮದ್ದು ಕೊಡಬೇಕಾದದ್ದು ಶೆಡ್ಡಿಗೆ, ಮೇಸ್ತ್ರಿಗಲ್ಲ ಅಂದರು. ಕ್ಯಾನ್ಸರ್ ವಿಷಯವೂ ಅಲ್ಲೇ ಬಂತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಡೀಸೆಲ್ ಹೊಗೆಯನ್ನು 1988ರಲ್ಲಿ "ಬಹುಶಃ ಕ್ಯಾನ್ಸರ್ ತರುತ್ತದೆ" ಅಂತ ಇಟ್ಟಿತ್ತು. 2012ರಲ್ಲಿ ಆ "ಬಹುಶಃ" ತೆಗೆದುಹಾಕಿತು. ಅಮೆರಿಕದ ಗಣಿಗಳಲ್ಲಿ ಡೀಸೆಲ್ ಯಂತ್ರಗಳ ಜೊತೆ ದುಡಿದ 12,000ಕ್ಕೂ ಹೆಚ್ಚು ಕಾರ್ಮಿಕರ ಅಧ್ಯಯನ ಅದಕ್ಕೆ ಒಂದು ದೊಡ್ಡ ಕಾರಣ. ಬೀಡಿ, ಸಿಗರೇಟು ಇರುವ ಗುಂಪಿನಲ್ಲೇ ಈಗ ಡೀಸೆಲ್ ಹೊಗೆಯೂ ಇದೆ. ಒಂದೇ ಗುಂಪು ಅಂದರೆ ಅಪಾಯವೂ ಅಷ್ಟೇ ಅಂತಲ್ಲ, ಪುರಾವೆ ಅಷ್ಟು ಗಟ್ಟಿಯಾಗಿದೆ ಅಂತ.

ಮೊದಲು ಹಿಂದಿನ ಗೋಡೆಗೆ ಎರಡು ಎಕ್ಸಾಸ್ಟ್ ಫ್ಯಾನ್ ಹಾಕಿಸಿದೆ. ಗೋಡೆ ಒಡೆದ ಕೂಲಿ ಸೇರಿ ಏಳೆಂಟು ಸಾವಿರ ಹೋಯ್ತು. ಊದುಬತ್ತಿ ಹಚ್ಚಿಕೊಂಡು ಶೆಡ್ ಪೂರ್ತಿ ಸುತ್ತಿ ನೋಡಿದರೆ, ಮುಂದಿನ ಲಾರಿಯ ಹೊಗೆ ಹಿಂದೆ ಕೆಲಸ ಮಾಡುವ ಹುಡುಗರ ಮುಖದ ಮೇಲಿಂದಲೇ ಹೋಗುತ್ತಿತ್ತು! ಮುಂಚೆ ಒಂದು ಮೂಲೆಯಲ್ಲಿ ನಿಲ್ಲುತ್ತಿದ್ದದ್ದನ್ನು ಎಲ್ಲರಿಗೂ ಹಂಚಿದ ಹಾಗಾಯ್ತು. ಹೊಗೆಯನ್ನು ಸೈಲೆನ್ಸರ್ ಬಾಯಲ್ಲೇ ಹಿಡಿಯಬೇಕು, ಶೆಡ್ಡಿಗೆ ಬಿಟ್ಟ ಮೇಲೆ ಅದರ ಹಿಂದೆ ಓಡಿ ಪ್ರಯೋಜನವಿಲ್ಲ ಅಂತ ಅವತ್ತೇ ತೀರ್ಮಾನ ಮಾಡಿದೆ.

ಹಾಗೆ ಹಿಡಿಯಲು ಹೋಗಿ ಸುಟ್ಟದ್ದು ಪಿವಿಸಿ ಪೈಪು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಇಂಜಿನ್ ಸುಮ್ಮನೆ ಓಡುವಾಗ, ತಡೆಯಿತು. ರೇಸ್ ಮಾಡಿದಾಗ ಮೆತ್ತಗಾಗಿ ಬಾಗಿ ನೆಲಕ್ಕೆ ಬಂತು. ಪೈಪಿನ ಅಂಗಡಿಯವನು "ಹೆವಿ ಡ್ಯೂಟಿ ಅಣ್ಣಾ" ಅಂದಿದ್ದ. ಆಮೇಲೆ ಮೆಟಲ್ ಫ್ಲೆಕ್ಸಿಬಲ್ ಹೋಸ್ ತಂದು ಹೊಗೆ ಎಳೆಯಲು ಒಂದು ಎಚ್‌ಪಿ ಬ್ಲೋವರ್ ಕೂರಿಸಿದೆ. ಐಡಲ್‌ನಲ್ಲಿ ಜಬರ್ದಸ್ತ್. ರೇಸ್ ಕೊಟ್ಟರೆ ಹೊಗೆ ಹೋಸಿನ ಬಾಯಿಂದ ವಾಪಸ್. ಲೆಕ್ಕ ಹಾಕಿದರೆ ತಿಳಿಯುತ್ತದೆ. ಆರು ಲೀಟರ್ ಇಂಜಿನ್ ಎರಡು ಸುತ್ತಿಗೊಮ್ಮೆ ಆರು ಲೀಟರ್ ಗಾಳಿ ಎಳೆಯುತ್ತದೆ. ಐಡಲ್‌ನ 600 ಆರ್‌ಪಿಎಂನಲ್ಲಿ (ನಿಮಿಷಕ್ಕೆ 600 ಸುತ್ತು) ನಿಮಿಷಕ್ಕೆ 1,800 ಲೀಟರ್ ಆಯ್ತು. 2,200ಕ್ಕೆ ಹೋದರೆ 6,600. ಟರ್ಬೊ ಒತ್ತಿ ತುಂಬುವ ಹೆಚ್ಚಿನ ಗಾಳಿ ಬೇರೆ, ಬಿಸಿಗೆ ಹಿಗ್ಗುವುದು ಬೇರೆ. ಐಡಲ್ ನೋಡಿ ಬ್ಲೋವರ್ ಕೊಂಡರೆ ಆ ದುಡ್ಡು ನೀರಿಗೆ ಹಾಕಿದ ಹಾಗೆ.

ಈ ಮಧ್ಯೆ ಒಂದು ಹುಚ್ಚು ಪ್ರಯೋಗವೂ ಆಯ್ತು. ಇನ್ನೂರು ಲೀಟರ್ ಡ್ರಮ್ಮಿಗೆ ನೀರು ತುಂಬಿ, ಹೊಗೆಯನ್ನು ಅದರೊಳಗೆ ಬುಳುಬುಳು ಬಿಟ್ಟೆವು. ಮೇಲೆ ಮಸಿ ತೇಲಿತು. ಹುಡುಗರಿಗೆ ಖುಷಿಯೋ ಖುಷಿ. ಆದರೆ ಹೊಗೆ ಸಲೀಸಾಗಿ ಹೊರಹೋಗದೆ ಬ್ಯಾಕ್ ಪ್ರೆಶರ್ ಬಂದು ಇಂಜಿನ್ ಒದ್ದಾಡಿತು, ಕಣ್ಣುರಿ ಇದ್ದ ಹಾಗೇ ಇತ್ತು. ದಪ್ಪ ಮಸಿಯಷ್ಟೇ ನೀರಿಗೆ ಸಿಕ್ಕಿತ್ತು. ಸಣ್ಣ ಕಣಗಳೂ ಗ್ಯಾಸೂ ಗುಳ್ಳೆಯ ಜೊತೆಯೇ ಮೇಲೆ ಬಂದವು. ಮೂಗಿಗೆ ಕಟ್ಟುವ ಕರ್ಚೀಫಿನ ಕಥೆಯೂ ಅಷ್ಟೇ. ಡೀಸೆಲ್ ಕಣಗಳಲ್ಲಿ ಬಹುಪಾಲು 0.1 ಮೈಕ್ರಾನಿಗಿಂತ ಸಣ್ಣವು, ಬಟ್ಟೆಗೆ ಸಿಗುವುದಿಲ್ಲ. ಎನ್95 ಮಾಸ್ಕ್ ಕಣ ಹಿಡಿಯುತ್ತದೆ, ಗ್ಯಾಸ್ ಹಿಡಿಯುವುದಿಲ್ಲ. ನಮ್ಮ ಹುಡುಗರು ದಿನಾ ಬೆಲ್ಲ ತಿನ್ನುತ್ತಾರೆ, ಗಂಟಲಿನ ಮಸಿ ಹೋಗುತ್ತದಂತೆ. ತಿನ್ನಲಿ, ಚಹಾಕ್ಕೆ ಸಕ್ಕರೆ ಉಳಿಯುತ್ತದೆ.

ಕೊನೆಗೆ ಕೆಲಸ ಕೊಟ್ಟದ್ದು ರೈಸ್ ಮಿಲ್ಲಿನ ಹಳೇ ಬ್ಲೋವರ್. ಉಮಿ ಎಳೆಯುತ್ತಿದ್ದ ಮಾಲು. ಗುಜರಿಯಲ್ಲಿ ಒಂಬತ್ತು ಸಾವಿರದ ಆಸುಪಾಸು ಕೊಟ್ಟ ನೆನಪು. ಮೂರು ಎಚ್‌ಪಿ ಮೋಟರ್ ರಿವೈಂಡಿಂಗ್‌ಗೆ ಇನ್ನೊಂದು ಮೂರೂವರೆ ಸಾವಿರ. ಅದನ್ನು ಶೆಡ್ಡಿನ ಹೊರಗೆ, ಪೈಪಿನ ಕೊನೆಯಲ್ಲಿ ಕೂರಿಸಿದೆ. ಇದು ಮುಖ್ಯ. ಬ್ಲೋವರ್ ಒಳಗಿದ್ದರೆ ಅದರಿಂದ ಮುಂದಿನ ಪೈಪಿನ ಪ್ರತಿ ಜಾಯಿಂಟಿನಿಂದ ಹೊಗೆ ಶೆಡ್ಡಿಗೇ ಸೋರುತ್ತದೆ. ಹೊರಗಿದ್ದರೆ ಪೈಪ್ ಪೂರ್ತಿ ಎಳೆತದಲ್ಲೇ ಇರುತ್ತದೆ. ಸಣ್ಣ ತೂತಿದ್ದರೂ ಶೆಡ್ಡಿನ ಗಾಳಿ ಒಳಗೆ ಹೋಗುತ್ತದೆಯೇ ಹೊರತು ಹೊಗೆ ಆಚೆ ಬರುವುದಿಲ್ಲ. ಎಂಟಿಂಚು ಜಿಐ (ಸತು ಲೇಪಿಸಿದ ಕಬ್ಬಿಣ) ಪೈಪು, ಬೆಂಡ್ ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಟಿಂಕರ್ ಕೆಲಸದವನು ಅಂದಕ್ಕೆ ಅಂತ ಒಂದು ತೊಂಬತ್ತು ಡಿಗ್ರಿ ಬೆಂಡ್ ಸೇರಿಸಿದ್ದ. ಕೀಳಿಸಿದೆ, ಎಳೆತ ಕೈಗೇ ಗೊತ್ತಾಗುವಷ್ಟು ಜಾಸ್ತಿಯಾಯ್ತು.

ಹೋಸಿನ ತುದಿಗೆ ಒಂದು ಕಪ್ ಬೇಕು. ಅದು ಸೈಲೆನ್ಸರ್ ಬಾಯನ್ನು ಬಿಗಿಯಾಗಿ ಮುಚ್ಚಬಾರದು. ಸುತ್ತ ಸಂದು ಬಿಟ್ಟರೆ ತಣ್ಣನೆ ಗಾಳಿ ಸೇರಿ ಹೋಸು ಉಳಿಯುತ್ತದೆ, ಇಂಜಿನ್ನಿಗೂ ತೊಂದರೆ ಇಲ್ಲ. ಸಂದು ಎಷ್ಟು, ಕಪ್ಪಿನ ಅಂಚು ಯಾವ ಕಡೆ ಮಡಚಬೇಕು ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದಕ್ಕೇ ನನಗೆ ಎರಡು ತಿಂಗಳು ಹೋಗಿದೆ, ಕ್ಷಮಿಸಿ. ಬಿಎಸ್6, ಅಂದರೆ ಹೊಸ ಹೊಗೆ ನಿಯಮದ ಗಾಡಿಗೆ ಮಾತ್ರ ಹುಷಾರು. ಅದರ ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್) ಮಸಿ ಸುಡುವಾಗ ಒಳಗೆ 600 ಡಿಗ್ರಿ ಹತ್ತಿರ ಬಿಸಿ ಇರುತ್ತದೆ, ರಬ್ಬರ್ ಹೋಸು ನಿಲ್ಲುವುದಿಲ್ಲ. "ಬಿಎಸ್6ಗೆ ಹೊಗೆಯೇ ಕಾಣಲ್ಲ, ಪೈಪ್ ಯಾಕೆ" ಅನ್ನುವವರೂ ಇದ್ದಾರೆ. ಕಾರ್ಬನ್ ಮಾನಾಕ್ಸೈಡೂ ಕಾಣುವುದಿಲ್ಲ.

ಬ್ಲೋವರಿನಿಂದ ಹೊಗೆ ಮೇಲೆ ಬಿಡುವ ಚಿಮಣಿಗೆ ಮಳೆ ಬೀಳದಿರಲಿ ಅಂತ ಟೊಪ್ಪಿ ಹಾಕಿಸಿದ್ದೆ. ಅದು ಹೊಗೆಯನ್ನು ಕೆಳಗೆ ತಳ್ಳಿತು. ಪಕ್ಕದ ಮನೆಯ ಅಜ್ಜಿ ಮಸಿ ಹಿಡಿದ ಸೀರೆ ತಂದು ತೋರಿಸಿದರು. ಟೊಪ್ಪಿ ತೆಗೆದು ಪೈಪನ್ನು ಐದಾರು ಅಡಿ ಎತ್ತರಿಸಿ, ಮಳೆನೀರು ಇಳಿಯಲು ಕೆಳಗೆ ಒಂದು ತೂತು ಕೊರೆದೆ. ಅಜ್ಜಿ ಈಗ ಮಾತಾಡಿಸುತ್ತಾರೆ.

ಇನ್ನೊಂದಕ್ಕೆ ಖರ್ಚೇ ಇಲ್ಲ. ಬೆಳಿಗ್ಗೆ ಬ್ರೇಕಿಗೆ ಗಾಳಿ ತುಂಬಲಿ ಅಂತ ಹತ್ತು ನಿಮಿಷ ಇಂಜಿನ್ ಓಡಿಸುತ್ತೇವಲ್ಲ, ಒಳಗಿನ ಹೊಗೆಯಲ್ಲಿ ಅರ್ಧ ಅದರದ್ದೇ. ಈಗ ನಮ್ಮ ಕಂಪ್ರೆಸರಿಂದಲೇ ಟ್ಯಾಂಕಿಗೆ ಗಾಳಿ ಕೊಡುತ್ತೇವೆ. ಸ್ಟಾರ್ಟ್ ಮಾಡಿದ ತಕ್ಷಣ ಗಾಡಿ ಹೊರಗೆ.

ಕೆಲಸ ಮಾಡಿದೆ ಅಂತ ಹೇಗೆ ಗೊತ್ತು? ಡಾಕ್ಟರು ಹೇಳಿದ್ದಕ್ಕೆ, ಉಸಿರು ಎಷ್ಟು ಜೋರಾಗಿ ಹೊರಬರುತ್ತದೆ ಅಂತ ಅಳೆಯುವ ಪೀಕ್ ಫ್ಲೋ ಮೀಟರ್ ತಂದೆ, ಐನೂರು ಆರುನೂರು ರೂಪಾಯಿ. ಜೋರಾಗಿ ಊದಿದರೆ ಮುಳ್ಳು ಏರುತ್ತದೆ. ಬಾಯಿಗೆ ಇಡುವ ರಟ್ಟು ಒಬ್ಬೊಬ್ಬರಿಗೆ ಬೇರೆ. ಮುಂಚೆ ಮೇಸ್ತ್ರಿ ಬೆಳಿಗ್ಗೆ ನಿಮಿಷಕ್ಕೆ 390 ಲೀಟರಿನ ಹತ್ತಿರ ಊದುತ್ತಿದ್ದರು, ಸಂಜೆಗೆ 350ಕ್ಕೆ ಬೀಳುತ್ತಿತ್ತು. ಪೈಪ್ ಬಂದ ಮೇಲೆ ಬೆಳಿಗ್ಗೆಗೂ ಸಂಜೆಗೂ ಹತ್ತೋ ಹದಿನೈದೋ ವ್ಯತ್ಯಾಸ ಅಷ್ಟೇ. ಇದು ಒರಟು ಲೆಕ್ಕ, ಊದುವ ಮನಸ್ಸಿನ ಮೇಲೂ ಹೋಗುತ್ತದೆ. ಒಬ್ಬ ಹೆಲ್ಪರ್ ಬೀಡಿ ಬಿಡಲಿಲ್ಲ, ಅವನ ಅಂಕಿ ಅಲ್ಲಾಡಲೇ ಇಲ್ಲ. ಕ್ಯಾನ್ಸರ್ ವಿಷಯಕ್ಕೆ ಈ ಮೀಟರ್ ಏನೂ ಹೇಳುವುದಿಲ್ಲ, ಅದು ಬರಲು ವರ್ಷಗಟ್ಟಲೆ ಹಿಡಿಯುತ್ತದೆ. ಮೇಸ್ತ್ರಿಗೆ ವರ್ಷಕ್ಕೊಮ್ಮೆ ಸ್ಪೈರೋಮೆಟ್ರಿ (ಶ್ವಾಸಕೋಶದ ಪರೀಕ್ಷೆ) ಮಾಡಿಸುತ್ತೇನೆ, ಖರ್ಚು ನನ್ನದು. ಅವರಿಗೆ ರಾತ್ರಿ ಕೆಮ್ಮು ನಿಂತಿದೆ. ಅದಕ್ಕೆ ಸಾಕ್ಷಿ ಅವರ ಮನೆಯವರು.

ಸುಮ್ಮನೆ ದಂಡವಾಗಿ ಹೋದದ್ದೂ ಸೇರಿ ಒಟ್ಟು ಎಪ್ಪತ್ತು ಸಾವಿರ ಆಗಿರಬೇಕು. ನೇರ ಮಾಡಿದ್ದರೆ ನಲವತ್ತೈದರಲ್ಲಿ ಮುಗಿಯುತ್ತಿತ್ತು. ಬ್ಲೋವರ್ ದಿನಕ್ಕೆ ಒಂದೂವರೆ ಗಂಟೆ ಓಡುತ್ತದೆ, ಕರೆಂಟಿಗೆ ಮೂವತ್ತು ರೂಪಾಯಿ ಒಳಗೆ. ಪಿಟ್ಟಿನ ಒಳಗೆ ಇಳಿಯುವ ಹೊಗೆ ಇನ್ನೂ ಬಾಕಿ ಇದೆ, ಅದಕ್ಕೊಂದು ಕವಲು ಪೈಪು ಹಾಕಿ ನೋಡುತ್ತಿದ್ದೇನೆ. ಮಾಡಿಸುವವರು ಹೊಸ ಬ್ಲೋವರಿಗೆ ದುಡ್ಡು ಹಾಕಬೇಡಿ, ಮಿಲ್ಲಿನ ಗುಜರಿ ಹುಡುಕಿ. ಬೆಲ್ಟ್ ಬಿಚ್ಚಿ ಶಾಫ್ಟ್ ಕೈಯಲ್ಲಿ ಅಲ್ಲಾಡಿಸಿ ನೋಡಿ. ಸಡಿಲವಾಗಿ ಅಲ್ಲಾಡಿದರೆ ಎಷ್ಟೇ ಅಗ್ಗಕ್ಕೆ ಕೊಟ್ಟರೂ ತಗೋಬೇಡಿ.