ಅಡಿಕೆ ಸುಲಿಯುವ ಕೈಯಲ್ಲಿ ನಾಡಿಬಡಿತ ಅಳೆದದ್ದು

ಮಣಿಕಟ್ಟಿಗೆ ಕಟ್ಟಿಕೊಳ್ಳುವ ಆರೋಗ್ಯಪಟ್ಟಿಯೊಂದಕ್ಕೆ ನಾಡಿಬಡಿತದ ಲೆಕ್ಕಾಚಾರವನ್ನು ಬರೆಯುವ ಸಣ್ಣ ತಂಡದಲ್ಲಿ ನಾನಿದ್ದೇನೆ. ಶಿರಸಿಯ ಸಮೀಪದ ನಮ್ಮ ಮನೆಯಿಂದಲೇ ಕೆಲಸ. ಟ್ರೆಡ್‌ಮಿಲ್ಲಿನ ಮೇಲೆ ಓಡಿಸಿ ನೋಡಿದಾಗ ಪಟ್ಟಿ ಚೆನ್ನಾಗಿಯೇ ನಡೆದುಕೊಂಡಿತ್ತು. ಅದು ಸೋತದ್ದು ಮನೆಯ ಅಂಗಳದಲ್ಲಿ. ಕೊನೆಕೊಯ್ಲಿನ, ಅಂದರೆ ಅಡಿಕೆಗೊನೆ ಇಳಿಸುವ ಕಾಲದ, ಒಂದು ರಾತ್ರಿ, ಮೆಟ್ಟುಗತ್ತಿಯ ಮೇಲೆ ಕುಳಿತು ಹಸಿ ಅಡಿಕೆ ಸುಲಿಯುತ್ತಿದ್ದ ಆಯಿಯ ಕೈಗೆ ಕಟ್ಟಿದೆ. ಪರದೆ 118 ಎಂದಿತು. ಗಾಬರಿಯಾಗಿ, ಸುಲಿಯುವುದನ್ನು ನಿಲ್ಲಿಸದಂತೆ ಹೇಳಿ, ಅವಳ ಕುತ್ತಿಗೆಯ ಬದಿಗೆ ಬೆರಳಿಟ್ಟು ಪೂರ್ತಿ ಒಂದು ನಿಮಿಷ ಎಣಿಸಿದರೆ 76. "ಯಂಗೆ ಎಂತದೂ ಆಜಿಲ್ಲೆ, ನಿನ್ನ ಪಟ್ಟಿಗೇ ಎಂತೋ ಆಜು" ಎಂದು ಆಯಿ ಇನ್ನೊಂದು ಅಡಿಕೆ ಎತ್ತಿಕೊಂಡಳು.

ಇಂತಹ ಪಟ್ಟಿಗಳು ಸುಮಾರು 530 ನ್ಯಾನೋಮೀಟರ್ ತರಂಗಾಂತರದ ಹಸಿರು ಬೆಳಕನ್ನು ಚರ್ಮದೊಳಕ್ಕೆ ಬಿಟ್ಟು, ಮರಳಿ ಬಂದದ್ದನ್ನು ಅಳೆಯುತ್ತವೆ. ರಕ್ತ ಹಸಿರನ್ನು ಹೀರುವುದರಿಂದ ಪ್ರತಿ ಬಡಿತಕ್ಕೂ ಆ ಬೆಳಕು ತುಸು ಕುಂದುತ್ತದೆ. ಈ ಏರಿಳಿತ ಬಹಳ ಸಲ ನೂರರಲ್ಲಿ ಒಂದೆರಡು ಪಾಲಷ್ಟೇ ಇರುವುದರಿಂದ, ಪಟ್ಟಿ ಒಂದು ಕೂದಲೆಳೆಯಷ್ಟು ಜರುಗಿದರೂ ಅದರಿಂದ ಹುಟ್ಟುವ ಏರಿಳಿತ ನಾಡಿಯದಕ್ಕಿಂತ ದೊಡ್ಡದಾಗಿಬಿಡುತ್ತದೆ.

ಮರುದಿನ ಆಯಿಗೆ ಎದೆಪಟ್ಟಿಯನ್ನೂ ಕಟ್ಟಿಸಿದೆ. ಅದು ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುವುದರಿಂದ ಹೋಲಿಕೆಗೆ ನಂಬಬಹುದಾದ ಅಳತೆ. ಇಲ್ಲಿ ನಾನು ಮೊದಲು ಎಡವಿದ್ದು ಗಡಿಯಾರದ ವಿಷಯದಲ್ಲಿ: ಎರಡು ಸಾಧನಗಳ ಸಮಯ ಕೆಲವು ಸೆಕೆಂಡು ಆಚೀಚೆ ಇದ್ದು, ಸರಿಯಾದ ಅಂಕಿಗಳೂ ತಪ್ಪಾಗಿಯೇ ತೋರುತ್ತಿದ್ದವು. ಆಮೇಲೆ ಪ್ರತಿ ದಾಖಲೆಯ ಆರಂಭ ಮತ್ತು ಕೊನೆಯಲ್ಲಿ, ಪಟ್ಟಿ ಕಟ್ಟಿದ ಕೈಯಿಂದ ಎದೆಪಟ್ಟಿಯನ್ನು ಮೂರು ಬಾರಿ ತಟ್ಟಿಸುವ ರೂಢಿ ಮಾಡಿಕೊಂಡೆ. ಆ ಮೂರು ಮೊನೆಗಳು ಎರಡೂ ದಾಖಲೆಗಳಲ್ಲಿ ಮೂಡುವುದರಿಂದ ಅವನ್ನು ಕೂಡಿಸುವುದು ಸುಲಭವಾಯಿತು.

ಸಂಕೇತವನ್ನು ಆವರ್ತನಗಳಾಗಿ ಬಿಡಿಸಿದಾಗ ಎರಡು ಗೆರೆಗಳು ಕಂಡವು. 1.27 ಹರ್ಟ್ಸ್‌ನ (ಸೆಕೆಂಡಿಗೆ 1.27 ಸಲದ) ಮಸುಕು ಗೆರೆ ಆಯಿಯ ನಾಡಿ, ಅಂದರೆ ನಿಮಿಷಕ್ಕೆ 76. 1.97 ಹರ್ಟ್ಸ್‌ನ ದಟ್ಟ ಗೆರೆಯೇ ಪರದೆಯ ಮೇಲಿನ 118. ಅವಳು ಅಡಿಕೆಯನ್ನು ಕತ್ತಿಗೆ ಒತ್ತುತ್ತಿದ್ದದ್ದು ನಿಮಿಷಕ್ಕೆ ಸುಮಾರು 59 ಸಲ ಮಾತ್ರ. ಆದರೆ ಪ್ರತಿ ಸಲವೂ ಒತ್ತುವಾಗ ಒಮ್ಮೆ, ಹಿಂದಕ್ಕೆಳೆಯುವಾಗ ಒಮ್ಮೆ ಮಣಿಕಟ್ಟು ಕುಲುಕುತ್ತಿತ್ತು. ನಮ್ಮ ಲೆಕ್ಕಾಚಾರ ಅತಿ ದಟ್ಟ ಗೆರೆಯನ್ನೇ ನಾಡಿಯೆಂದು ನಂಬುತ್ತಿತ್ತು.

ಪಟ್ಟಿಯೊಳಗೇ ಚಲನೆಯನ್ನು ಅಳೆಯುವ ಅಕ್ಸೆಲೆರೋಮೀಟರ್ ಇದೆ. ಎಂಜಿನಿಯರುಗಳಾದ ವಿಡ್ರೋ ಮತ್ತು ಹಾಫ್ 1960ರಲ್ಲಿ ರೂಪಿಸಿದ ಎಲ್‌ಎಂಎಸ್ ಎಂಬ ಹೊಂದಿಕೊಳ್ಳುವ ಸೋಸುಕದಿಂದ (ಫಿಲ್ಟರ್), ಕೈಯ ಚಲನೆಗೆ ಹೋಲುವ ಭಾಗವನ್ನು ಬೆಳಕಿನ ಸಂಕೇತದಿಂದ ಕಳೆದೆ. ಆಯಿಯ ಅಂಕಿ ಸರಿಯಾಯಿತು. ಆದರೆ ನಾನೇ ಗುಡ್ಡ ಹತ್ತಿದಾಗ, ಹೆಜ್ಜೆಯ ಲಯವೂ ನಾಡಿಯ ಲಯವೂ ಒಂದೇ ಆದ ಕಡೆಯಲ್ಲಿ, ಸೋಸುಕವು ಹೆಜ್ಜೆಯೊಂದಿಗೆ ನಾಡಿಯನ್ನೂ ಅಳಿಸಿಹಾಕಿತು. ನಮ್ಮ ಲೆಕ್ಕಾಚಾರ ಸಂಕೇತವನ್ನು ಎಂಟು ಸೆಕೆಂಡಿನ ತುಣುಕುಗಳಲ್ಲಿ ನೋಡುತ್ತದೆ. ಅಂತಹ ತುಣುಕಿನಲ್ಲಿ ಪಕ್ಕಪಕ್ಕದ ಎರಡು ಆವರ್ತನಗಳ ಅಂತರ ನಿಮಿಷಕ್ಕೆ 7.5 ಬಡಿತ, ಅದಕ್ಕಿಂತ ಹತ್ತಿರವಿರುವ ಎರಡು ಲಯಗಳನ್ನು ಅದು ಬೇರ್ಪಡಿಸಲಾರದು. ತುಣುಕನ್ನು ಉದ್ದ ಮಾಡಿದರೆ ನಾಡಿ ಏರುವುದು ತಡವಾಗಿ ತಿಳಿಯುತ್ತದೆ. ಹೀಗಾಗಿ ಎರಡೂ ಲಯಗಳು ಸಮೀಪಿಸಿದಾಗ ಕಳೆಯುವುದನ್ನು ನಿಲ್ಲಿಸಿ, ಹಿಂದಿನ ಕೆಲವು ಸೆಕೆಂಡುಗಳ ಜಾಡನ್ನೇ ಮುಂದುವರಿಸುವಂತೆ ಬರೆದೆ.

ಇಷ್ಟಕ್ಕೆ ಮುಗಿಯಿತೆಂದುಕೊಂಡು ಕಾರವಾರಕ್ಕೆ ಹೋದೆ. ದಡದಲ್ಲಿ ರಂಪಣಿ ಬಲೆ ಎಳೆಯುವ ಇಬ್ಬರು ಪಟ್ಟಿ ಕಟ್ಟಿಕೊಳ್ಳಲು ಒಪ್ಪಿದರು. ಹಗ್ಗವನ್ನು ಬಿಗಿಯಾಗಿ ಹಿಡಿದು ಹಿಂದಕ್ಕೆ ವಾಲುವಾಗ ತೋಳು ಹೆಚ್ಚು ಅಲುಗುವುದಿಲ್ಲ, ಅಕ್ಸೆಲೆರೋಮೀಟರಿಗೆ ವಿಶೇಷವೇನೂ ಕಾಣುವುದಿಲ್ಲ. ಬೆಳಕಿನ ಸಂಕೇತ ಮಾತ್ರ ಚಿಂದಿಯಾಗಿತ್ತು. ಮುಷ್ಟಿ ಬಿಗಿದಾಗ ಮಣಿಕಟ್ಟಿನ ಸ್ನಾಯುರಜ್ಜುಗಳು ಉಬ್ಬಿ ಸೆನ್ಸರನ್ನು ಎತ್ತುತ್ತವೆ, ಚರ್ಮದ ಕೆಳಗಿನ ರಕ್ತವನ್ನು ಆಚೆ ಒತ್ತುತ್ತವೆ. ಇದನ್ನು ನಮ್ಮ ಸೋಸುಕ ಕಳೆಯಲಾರದು, ಏಕೆಂದರೆ ಅದಕ್ಕೆ ಹೋಲಿಸಿ ನೋಡಲು ನಮ್ಮ ಪಟ್ಟಿಯಲ್ಲಿ ಬೇರೆ ಅಳತೆಯೇ ಇಲ್ಲ. ಪಟ್ಟಿಯನ್ನು ಮಣಿಕಟ್ಟಿನ ಮೂಳೆಗಿಂತ ಎರಡು ಬೆರಳು ಮೇಲಕ್ಕೆ ಸರಿಸಿದಾಗ ಸಂಕೇತ ಎಷ್ಟೋ ಸುಧಾರಿಸಿತು. ಒಂದು ತಿಂಗಳು ಬರೆದ ಪ್ರೋಗ್ರಾಮಿಗಿಂತ ಈ ಎರಡು ಬೆರಳಿನಿಂದಲೇ ಹೆಚ್ಚು ಫಲ ಸಿಕ್ಕಿತೆಂದು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವಾಯಿತು.

ಬಿಸಿಲಿನಲ್ಲಿ ದುಡಿಯುವವರ ಕಪ್ಪು ಚರ್ಮದ ಮೆಲನಿನ್ ಹಸಿರು ಬೆಳಕನ್ನು ಹೆಚ್ಚು ಹೀರುತ್ತದೆ. ಎಲ್‌ಇಡಿಗೆ ಕೊಡುವ ವಿದ್ಯುತ್ತನ್ನು ಎಲ್ಲರಿಗೂ ಒಂದೇ ಮಟ್ಟದಲ್ಲಿಟ್ಟಿದ್ದ ನಾವು, ಮರಳಿ ಬರುವ ಬೆಳಕನ್ನು ನೋಡಿಕೊಂಡು ಅದನ್ನು ತಾನೇ ಹೊಂದಿಸಿಕೊಳ್ಳುವಂತೆ ಮಾಡಿದೆವು. ಬ್ಯಾಟರಿ ಬೇಗ ಖಾಲಿಯಾಗುತ್ತದೆ, ಆಗಲಿ. ಪುಷ್ಯದ ಚಳಿಯಲ್ಲಿ ಶಿರಸಿಯ ಮುಂಜಾನೆ ಕೈ ತಣ್ಣಗಾಗಿ ರಕ್ತನಾಳಗಳು ಸಂಕುಚಿಸಿದಾಗಲೂ ಇದೇ ಹೊಂದಾಣಿಕೆ ಸಹಾಯಕ್ಕೆ ಬಂತು.

ಎದೆಪಟ್ಟಿಯೊಂದಿಗಿನ ಹೋಲಿಕೆಯನ್ನು ನಾನು ಸಹಸಂಬಂಧದ (ಎರಡು ಅಳತೆಗಳು ಒಟ್ಟಿಗೆ ಏರಿಳಿಯುತ್ತವೆಯೇ ಎಂಬುದರ) ಅಂಕದಿಂದ ಅಳೆಯುವುದನ್ನು ಬಿಟ್ಟೆ. ಸದಾ ಹತ್ತು ಬಡಿತ ಹೆಚ್ಚು ತೋರಿಸುವ ಪಟ್ಟಿಗೂ ಅದರಲ್ಲಿ ಪೂರ್ಣ ಅಂಕ ಸಿಗಬಹುದು. ಸಂಖ್ಯಾಶಾಸ್ತ್ರಜ್ಞರಾದ ಬ್ಲಾಂಡ್ ಮತ್ತು ಆಲ್ಟ್‌ಮನ್ 1986ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದಂತೆ, ಎರಡು ಅಳತೆಗಳ ವ್ಯತ್ಯಾಸವನ್ನು ಅವುಗಳ ಸರಾಸರಿಯ ಎದುರು ಚಿತ್ರಿಸಿ ನೋಡಿದೆ. ನಾಡಿ ಏರಿದಂತೆ ನಮ್ಮ ಪಟ್ಟಿ ಕಡಿಮೆ ತೋರಿಸುವುದು ಆಗ ಮೊದಲ ಸಲ ಕಣ್ಣಿಗೆ ಬಿತ್ತು.

ಸಂಕೇತ ತೀರಾ ಕೆಟ್ಟಾಗ ಈಗ ಪರದೆಯಲ್ಲಿ ಅಂಕಿಯ ಬದಲು ಎರಡು ಅಡ್ಡಗೆರೆಗಳು ಬರುತ್ತವೆ. ಖಾಲಿ ಪರದೆಯನ್ನು ಗಿರಾಕಿ ಸಹಿಸುವುದಿಲ್ಲ ಎಂಬ ವಾದ ತಂಡದಲ್ಲಿ ಬಂತು. 118ರ ಆ ರಾತ್ರಿಯ ದಾಖಲೆಯನ್ನು ತೋರಿಸಿ ಒಪ್ಪಿಸಿದೆ. ಈ ಸಲದ ಕೊಯ್ಲಿನಲ್ಲಿ ಮರ ಹತ್ತಿ ಕೊನೆ ಕೊಯ್ಯುವ ನಮ್ಮ ಕೊನೆಗೌಡ ಎದೆಪಟ್ಟಿ, ಕೈಪಟ್ಟಿ ಎರಡನ್ನೂ ಕಟ್ಟಿಕೊಂಡು ಮರ ಹತ್ತಿದ. ಹತ್ತುವಾಗ, ಕೊನೆ ಇಳಿಸುವಾಗ ಅಂಕಿಗಳು ಬಹುತೇಕ ಹೊಂದಿದವು. ಒಂದು ಮರದಿಂದ ಬಾಗಿ ಇನ್ನೊಂದನ್ನು ಹಿಡಿದು ದಾಟುವಾಗ ಮಾತ್ರ ಅಡ್ಡಗೆರೆಗಳು ಮೂಡಿದವು. ಆ ಹೊತ್ತಿನ ಬಡಿತ ಎದೆಪಟ್ಟಿಯ ದಾಖಲೆಯಲ್ಲಷ್ಟೇ ಇದೆ.