ಮಳೆಗಾಲದ ಕೆಸರಿನಲ್ಲಿ ಚಪ್ಪಲಿಯ ಅಚ್ಚು: ನನ್ನ ಅನುಭವ

ಮಲೆನಾಡಿನ ಜುಲೈ ಮಳೆಯಲ್ಲಿ, ಅಪರಾಧ ನಡೆದ ಜಾಗದ ಹೆಜ್ಜೆಗುರುತಿಗೆ ಎರಕ ಹೊಯ್ಯುತ್ತೇನೆ ಎಂದಾಗ ನಮ್ಮ ಕಚೇರಿಯ ಹಿರಿಯರೊಬ್ಬರು, ‘ಫೋಟೋ ತೆಗೆದು ಮಹಜರಿನಲ್ಲಿ ಬರೆಸಿ ಬನ್ನಿ ಮಾರಾಯರೆ, ಕೆಸರಿನ ಜೊತೆ ಆಟವೇಕೆ’ ಎಂದಿದ್ದರು. ಹೋದ ಮಳೆಗಾಲದಲ್ಲಿ ಅಡಿಕೆ ಕಳ್ಳತನದ ಪ್ರಕರಣವೊಂದರಲ್ಲಿ ನಾನು ಎತ್ತಿದ ಎರಕಕ್ಕೂ ವಶಪಡಿಸಿಕೊಂಡ ಹವಾಯಿ ಚಪ್ಪಲಿಯ ಹಿಮ್ಮಡಿಯ ಸೀಳಿಗೂ ತಾಳೆಯಾಯಿತು. ವರದಿ ಬಂದ ದಿನ ಆ ಹಿರಿಯರ ಮೇಜಿನ ಮೇಲೆ ಒಂದು ಪ್ರತಿ ಇಟ್ಟು ಬಂದೆ.

ಪ್ರತಿ ಸ್ಪರ್ಶವೂ ಗುರುತು ಉಳಿಸುತ್ತದೆ ಎಂಬ ಲೊಕಾರ್ಡ್ ತತ್ವ ಈ ಕೆಲಸದವರಿಗೆಲ್ಲ ಬಾಯಿಪಾಠ. ಸ್ಕೇಲ್ ಇಟ್ಟು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಫೋಟೋ ತೆಗೆಯುವ ಮೊದಲು ಗುರುತನ್ನು ಮುಟ್ಟಬಾರದೆಂಬುದೂ ಗೊತ್ತು. ನಾನು ಎಡವಿದ್ದೆಲ್ಲ ಆಮೇಲೆ.

ಮೊದಲು ಬಳಸಿದ್ದು ಪ್ಲಾಸ್ಟರ್ ಆಫ್ ಪ್ಯಾರಿಸ್. ಅಗ್ಗ, ಕಿಲೋಗೆ ಹದಿನೈದೋ ಇಪ್ಪತ್ತೋ ರೂಪಾಯಿ. ಒದ್ದೆ ನೆಲದಲ್ಲಿ ಒಂದು ತಾಸಾದರೂ ಗಂಜಿಯಂತೆಯೇ ಇತ್ತು. ಎತ್ತಿದರೆ ಮೂರು ಹೋಳು. ಬೇಗ ಗಟ್ಟಿಯಾಗಲೆಂದು ಚಿಟಿಕೆ ಉಪ್ಪು ಹಾಕಿ ನೋಡಿದೆ. ಗಟ್ಟಿಯೇನೋ ಆಯಿತು, ಆದರೆ ಬಕೆಟ್ಟಿನಲ್ಲೇ. ಇನ್ನೊಮ್ಮೆ ಎತ್ತರದಿಂದ ಸುರಿದು, ಅಟ್ಟೆಯ ಗೆರೆಗಳನ್ನು ನಾನೇ ಅಳಿಸಿಹಾಕಿದೆ. ಮತ್ತೊಂದನ್ನು ಅದೇ ಸಂಜೆ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ ತೊಳೆದು ಹಾಳುಮಾಡಿದೆ. ಈಗ ಎರಡು ದಿನ ಒಣಗುವ ಮೊದಲು ನೀರು ಸೋಕಿಸುವುದಿಲ್ಲ.

ಆಮೇಲೆ ದಂತಪಂಕ್ತಿ ಮಾಡುವ ಲ್ಯಾಬಿನವರು ಬಳಸುವ ಡೆಂಟಲ್ ಸ್ಟೋನ್ ತಂದೆ. ಕಿಲೋಗೆ ನೂರರ ಆಸುಪಾಸು, ಸ್ವಂತ ಜೇಬಿನಿಂದ. ಮೊದಲ ಆರು ತಿಂಗಳಲ್ಲಿ ಮೂರು ಸಾವಿರವಾದರೂ ಕೆಸರಿಗೆ ಹೋಯಿತು. ಮನೆಯಲ್ಲಿ ಈ ಲೆಕ್ಕ ಹೇಳಿಲ್ಲ. ಒಂದು ಕಿಲೋ ಪುಡಿಯನ್ನು ಮೊದಲೇ ಜಿಪ್ ಚೀಲದಲ್ಲಿ ತುಂಬಿಟ್ಟುಕೊಂಡು, ಸ್ಥಳದಲ್ಲಿ ಮುನ್ನೂರು, ಮುನ್ನೂರೈವತ್ತು ಮಿಲಿ ನೀರು ಹಾಕಿ ಚೀಲದಲ್ಲೇ ಹಿಸುಕುತ್ತೇನೆ. ದೋಸೆ ಹಿಟ್ಟಿನ ಹದ ಬರಬೇಕು. ಚಮಚದ ಬೆನ್ನ ಮೇಲೆ ಬೀಳಿಸಿ, ಗುರುತಿನ ಪಕ್ಕದ ನೆಲದಿಂದ ತಾನಾಗಿಯೇ ಒಳಕ್ಕೆ ಹರಿಯಲು ಬಿಡಬೇಕು.

ಅಂಚು ಕಟ್ಟಲು ತಗಡಿನ ಪಟ್ಟಿ ಒಯ್ಯುತ್ತಿದ್ದೆ. ತೋಟದಲ್ಲಿ ಅದನ್ನು ಮರೆತುಬಂದ ದಿನ ಬಿದ್ದಿದ್ದ ಅಡಿಕೆ ಹಾಳೆಯನ್ನೇ ಸೀಳಿ ಸುತ್ತ ನಿಲ್ಲಿಸಿದೆ. ತಗಡಿಗಿಂತ ವಾಸಿ, ಬಾಗುತ್ತದೆ, ಕೆಸರಿಗೆ ಕಚ್ಚಿಕೊಳ್ಳುತ್ತದೆ. ಇನ್ನೊಂದು ಹಾಳೆ ಮಳೆಗೆ ಸೂರಾಯಿತು. ಮಹಜರಿಗೆ ಸಾಕ್ಷಿಯಾಗಿ ಬಂದ ಪಂಚರಲ್ಲಿ ಒಬ್ಬರು ಛತ್ರಿ ಹಿಡಿದು ಮುಕ್ಕಾಲು ಗಂಟೆ ನಿಂತರು, ಪಾಪ.

ಗುರುತಿನಲ್ಲಿ ನೀರು ನಿಂತಿದ್ದರೆ ಬಸಿಯಲು ಹೋಗಬೇಡಿ. ಒಣ ಪುಡಿಯನ್ನು ಚಹಾ ಸೋಸುವ ಜಾಲರಿಯಿಂದ ನೀರಿನ ಮೇಲೆ ಉದುರಿಸಿ, ತಳಕ್ಕೆ ಕೂತ ಮೇಲೆ ಹಿಟ್ಟು ಹೊಯ್ಯಿರಿ. ನೀರಿಗೆ ನಾನು ಬೆರೆಸುವ ಇನ್ನೊಂದು ವಸ್ತುವಿದೆ. ಅದನ್ನು ಸದ್ಯಕ್ಕೆ ಹೇಳುವುದಿಲ್ಲ.

ಬೇಸಿಗೆಯ ಕೆಂಪು ಧೂಳಿನ ಮೇಲೂ ಕೈಯಾಡಿಸಿದೆ. ಧೂಳು ಕದಲದಿರಲೆಂದು ಹೇರ್ ಸ್ಪ್ರೇಯನ್ನು ನೇರವಾಗಿ ಹೊಡೆದಾಗ ಗುರುತೇ ಹಾರಿಹೋಯಿತು. ಮೇಲೆ ಗಾಳಿಗೆ ಹೊಡೆದು, ಇಬ್ಬನಿಯಂತೆ ಇಳಿಯಲು ಬಿಟ್ಟರೆ ಹತ್ತರಲ್ಲಿ ಆರೇಳು ನಿಲ್ಲುತ್ತವೆ. ಎರೆಮಣ್ಣಿನಲ್ಲಿ ಮಾತ್ರ ಇನ್ನೂ ಗೆದ್ದಿಲ್ಲ. ಒಣಗುತ್ತಾ ಬಿರುಕು ಬಿಡುವುದರಿಂದ ಅಳತೆಯೇ ಬದಲಾಗುತ್ತದೆ.

ಬಿಎನ್‌ಎಸ್‌ಎಸ್ ಎಂಬ ಹೊಸ ದಂಡ ಪ್ರಕ್ರಿಯಾ ಕಾನೂನಿನ 176ನೆಯ ಕಲಮು, ಅಂದರೆ ಗಂಭೀರ ಅಪರಾಧದ ಸ್ಥಳಕ್ಕೆ ವಿಧಿವಿಜ್ಞಾನ ತಜ್ಞರು ಹೋಗಬೇಕೆಂಬ ನಿಯಮ, ಬಂದ ಮೇಲೆ ಕರೆಗಳು ಹೆಚ್ಚಿವೆ, ಪುಡಿಯ ಖರ್ಚೂ ಹೆಚ್ಚಿದೆ. ಈ ಬಾರಿ ಇಪ್ಪತ್ತೈದು ಕಿಲೋದ ಬಿಲ್ಲನ್ನು ಕಚೇರಿಗೇ ಕಳಿಸಿದ್ದೇನೆ. ‘ದಂತ ಸಾಮಗ್ರಿ ಯಾರಿಗೆ?’ ಎಂದು ಷರಾ ಬರೆದು ವಾಪಸು ಬಂದಿದೆ.