ಲೀಜ್ ಸೈಟಿನ ಮನೆ ಖರೀದಿ: ಕಾಗದದ ಗಂಟು ಬಿಡಿಸಿದ್ದು

ಧಾರವಾಡದಲ್ಲಿ ಹಳೇ ಮನೆ ಖರೀದಿಗೆ ಹಾಕಿದ ಸಾಲದ ಅರ್ಜಿ ಎರಡು ಸಲ ವಾಪಸ್ ಬಂತು. ಕಾರಣ ಒಂದೇ: ಮಾಲೀಕತ್ವ ಸ್ಪಷ್ಟವಿಲ್ಲ. ಕರ ತುಂಬಿದ ರಸೀದಿ ಕೊಟ್ಟೆ, ನಡೆಯಲಿಲ್ಲ. ಅದು ಹಕ್ಕಿನ ಪುರಾವೆ ಅಲ್ಲ. 15 ವರ್ಷದ ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿದೆ, ಸೈಟು ಹಂಚಿಕೆ ಅದಕ್ಕೂ ಹಿಂದಿನದು, ಹಾಗಾಗಿ ಅದೂ ಸಾಲಲಿಲ್ಲ.

ಗಂಟು ಇದ್ದದ್ದು ಮೂಲ ಪತ್ರದಲ್ಲಿ. ಎಲ್ಲರೂ ಖರೀದಿ ಪತ್ರ ಅಂತಿದ್ದದ್ದು ಬರೀ ಲೀಜ್ ಕಮ್ ಸೇಲ್ ಕರಾರು, ಅಂದರೆ ಮೊದಲು ಗುತ್ತಿಗೆ, ಷರತ್ತು ಪೂರೈಸಿದ ಮೇಲೆ ಮಾರಾಟ. ಕಬ್ಜಾ ಮಾರುವವರದು, ಮಾಲೀಕತ್ವ ಇನ್ನೂ ಸೈಟು ಹಂಚಿದ ಪ್ರಾಧಿಕಾರದ್ದು! ಶಿರೋನಾಮೆ ನಂಬಬೇಡಿ, ಒಳಗಿನ ಷರತ್ತು ಓದಿ.

ಮೊದಲು ಮಾರುವವರ ಹೆಸರಿಗೆ ಪ್ರಾಧಿಕಾರದಿಂದ ಶುದ್ಧ ಕ್ರಯಪತ್ರ (ಪೂರ್ಣ ಮಾಲೀಕತ್ವ ಕೊಡುವ ಮಾರಾಟ ಪತ್ರ) ಮಾಡಿಸಿ, ಉಪನೋಂದಣಿ ಕಚೇರಿಯಲ್ಲಿ ನೋಂದಾಯಿಸಿದೆವು. ಆಮೇಲೆ ಸಿಟಿ ಸರ್ವೇ ಉತಾರದಲ್ಲಿ (ನಗರದ ಆಸ್ತಿಯ ಸರ್ವೇ ದಾಖಲೆ) ಅವರ ಹೆಸರು ಏರಿತು. ಹಂಚಿಕೆಯ ದಿನದಿಂದ ಹೊಸ ಇ.ಸಿ. ತೆಗೆಸಿದೆ. ಸಿ.ಟಿ.ಎಸ್. (ಸಿಟಿ ಸರ್ವೇ) ನಂಬರು, ಚಕ್ಬಂದಿ (ನಾಲ್ಕೂ ದಿಕ್ಕಿನ ಗಡಿ), ಅಳತೆ ಎಲ್ಲ ಕಾಗದದಲ್ಲೂ ತಾಳೆಯಾದ ಮೇಲಷ್ಟೇ ನಮ್ಮ ಖರೀದಿ ನೋಂದಣಿ.